ದೊಡ್ಡ ಗಾಡಿಯ ಮೂರನೆಯ ಸಾಲು

ಪುಸ್ತಕ ಓದಿದವರು ಅದರ ವಿಮರ್ಶೆ ಬರೆಯುತ್ತಾರೆ, ನಾಟಕ ನೋಡಿದವರು ನಾಟಕದ ವಿಮರ್ಶೆ ಬರೆಯುತ್ತಾರೆ. ಗಾಡಿಯ ವಿಮರ್ಶೆಯನ್ನು ಮಾತ್ರ ಅದನ್ನು ಓಡಿಸುವವರಷ್ಟೇ ಬರೆಯುತ್ತಾರೆ. ಪತ್ರಿಕೆಗಳ ವಾಹನ ಪುಟಗಳನ್ನು ತೆರೆದು ನೋಡಿ. ಎಂಜಿನ್ನಿನ ಬಲವೆಷ್ಟು, ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು, ತಿರುವಿನಲ್ಲಿ ಹೇಗೆ ನಿಲ್ಲುತ್ತದೆ ಎಂಬುದೆಲ್ಲ ಅಲ್ಲಿರುತ್ತದೆ. ಹಿಂದೆ ಕುಳಿತ ಅಜ್ಜಿಗೆ ಇಳಿಯಲು ಬಂತೆ, ಮಡಿಲಲ್ಲಿ ಕೂಸಿದ್ದವಳಿಗೆ ಬೆಲ್ಟು ಹಾಕಿಕೊಳ್ಳಲಾಯಿತೆ ಎಂಬುದು ಇರುವುದಿಲ್ಲ. ಏಳು ಸೀಟಿನ ಗಾಡಿಯಲ್ಲಿ ಓಡಿಸುವವನು ಒಬ್ಬ, ಕೂತು ಹೋಗುವವರು ಆರು ಜನ. ಆ ಆರು ಜನರ ಕಡೆಯಿಂದ ನಾಲ್ಕು ಮಾತು ಬರೆಯಬೇಕೆನ್ನಿಸಿತು.

ನಮ್ಮ ಮನೆಗೆ ಡೀಸೆಲ್ ಎಸ್‌ಯುವಿ ಬಂದು ನಾಲ್ಕು ತಿಂಗಳಾದವು. ಎರಡು ಟನ್ನಿನಷ್ಟು ತೂಕದ್ದು, ಗೇರನ್ನು ತಾನೇ ಬದಲಿಸಿಕೊಳ್ಳುವಂಥದು. ಕಂಪನಿಯ ಹೆಸರು ಹೇಳುವುದಿಲ್ಲ. ಹೊಗಳಿದರೆ ಜಾಹೀರಾತು ಎನ್ನುತ್ತೀರಿ, ತೆಗಳಿದರೆ ಜಗಳ ಎನ್ನುತ್ತೀರಿ. ಈ ಬೆಲೆಯ ಗಾಡಿಗಳೆಲ್ಲ ಅಣ್ಣತಮ್ಮಂದಿರ ಹಾಗೆ. ಮುಖ ಬೇರೆ, ಗುಣ ಹೆಚ್ಚುಕಡಿಮೆ ಒಂದೇ.

ಅಥಣಿ ತಾಲ್ಲೂಕಿನ ನಮ್ಮ ಐಗಳಿಯಲ್ಲಿ ಇಂಥ ಗಾಡಿ ಈಗ ಅಪರೂಪವಲ್ಲ. ದ್ರಾಕ್ಷಿ ಬೆಳೆಯುವ ಊರು, ಮಣೂಕ ಮಾಡುವ ಊರು. ಹಂಗಾಮು ಕೈಹಿಡಿದ ವರ್ಷ ಒಂದೆರಡು ಮನೆಗಳ ಮುಂದೆ ಹೊಸ ಗಾಡಿ ನಿಲ್ಲುತ್ತದೆ, ಅದರ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತವೆ. ಮೊದಲು ಜೀಪು, ಆಮೇಲೆ ಕ್ರೂಸರ್ ಇದ್ದವು. 1994ರಲ್ಲಿ ಸುಮೋ ಬಂತು, 1998ರಲ್ಲಿ ಸಫಾರಿ, 2000ದಲ್ಲಿ ಕ್ವಾಲಿಸ್, 2002ರಲ್ಲಿ ಸ್ಕಾರ್ಪಿಯೊ, 2009ರಲ್ಲಿ ಫಾರ್ಚೂನರ್. ಒಂದೊಂದು ಹೆಸರೂ ನಮ್ಮ ಕಡೆಯ ಮದುವೆ ಮಾತುಕತೆಗಳಲ್ಲಿ ಒಂದೊಂದು ಕಾಲ ಆಳಿ ಹೋಗಿದೆ.

ಈ ಸೀಮೆಗೂ ಯಂತ್ರಕ್ಕೂ ಹಳೆಯ ನಂಟಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅವರ ಕಬ್ಬಿಣದ ನೇಗಿಲನ್ನು ರೈತರು ಮೊದಮೊದಲು ಮುಟ್ಟಲಿಲ್ಲವಂತೆ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ಹೆದರಿದರಂತೆ. ಅದೇ ಕಿರ್ಲೋಸ್ಕರರ ಮನೆತನದ ಹೆಸರು ಮುಂದೆ 1997ರಲ್ಲಿ ಜಪಾನಿನ ಟೊಯೊಟಾದ ಜತೆ ಸೇರಿ ಬಿಡದಿಯಲ್ಲಿ ಕಾರು ಕಾರ್ಖಾನೆಯಾಯಿತು. ನನಗೆ ಇದಕ್ಕಿಂತ ಹೆಚ್ಚು ನೆನಪಿನಲ್ಲಿರುವ ಸಂಗತಿ ಇನ್ನೊಂದು. ಕಿರ್ಲೋಸ್ಕರವಾಡಿಯಿಂದಲೇ 1930ರಲ್ಲಿ ಹೆಂಗಸರಿಗಾಗಿ ‘ಸ್ತ್ರೀ’ ಎಂಬ ಮರಾಠಿ ಮಾಸಿಕ ಹೊರಟಿತು. ನೇಗಿಲು ಮಾಡುವ ಜಾಗದಲ್ಲಿ ಹೆಂಗಸಿನ ಮಾತಿಗೂ ಜಾಗ ಸಿಕ್ಕಿತ್ತು. ಇಂದಿನ ಗಾಡಿಯಲ್ಲಿ ಆ ಜಾಗ ಎಲ್ಲಿದೆ ಎಂದು ಹುಡುಕುವುದೇ ನನ್ನ ವಿಮರ್ಶೆ.

ಮೊದಲು ಮೆಚ್ಚಿಗೆ. ಹೊಲದ ದಾರಿಯ ಕೆಸರಿನಲ್ಲಿ ಈ ಗಾಡಿ ಎತ್ತಿನ ಹಾಗೆ ಎಳೆಯುತ್ತದೆ. ಡೀಸೆಲ್ ಎಂಜಿನ್ನಿನ ಗುಣವೇ ಅದು. ನಿಧಾನವಾಗಿ ತಿರುಗುವಾಗಲೂ ಬಲ ಪೂರ್ತಿ ಇರುತ್ತದೆ. ಅಥಣಿಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಜಗ್ಗಿಕೊಂಡು ಹೋಗುವಾಗ ಅವುಗಳನ್ನು ದಾಟಲು ಎದೆ ಹೊಡೆದುಕೊಳ್ಳುವುದಿಲ್ಲ. ಮೊದಲು ಮೀರಜಿಗೆ ಹೋಗಿ ಬಂದರೆ ಮರುದಿನ ಬೆನ್ನು ಹಿಡಿಯುತ್ತಿತ್ತು. ಮುಂದಿನ ಸೀಟಿನಲ್ಲೋ ನಡುವಿನ ಸಾಲಿನಲ್ಲೋ ಕೂತರೆ ಈಗ ಹಾಗಾಗುವುದಿಲ್ಲ. ಬೇಸಿಗೆಯಲ್ಲಿ ಒಳಗೆ ತಂಪು, ರಾತ್ರಿಯಲ್ಲಿ ಹಗಲಿನಂಥ ದೀಪ. ಇವುಗಳನ್ನು ಸುಖವೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಹೆಂಗಸರು ಸುಖವನ್ನು ಹೇಳಿಕೊಳ್ಳಲೂ ಅಂಜುತ್ತೇವೆ.

ಇನ್ನು ಏರುವ ಮಾತು. ಗಾಡಿ ಬಂದ ದಿನ ನಮ್ಮ ಅತ್ತಿಯವರು ಬಾಗಿಲ ಹತ್ತಿರ ನಿಂತು, “ಯವ್ವಾ, ಇದು ಗಾಡಿಯೇನ ಮಾಳಿಗಿಯೇನ? ಏಣಿ ಎಲ್ಲೈತಿ?” ಎಂದು ಕೇಳಿದರು. ಎಲ್ಲರೂ ನಕ್ಕರು. ಆದರೆ ಎಂಬತ್ತರ ಹತ್ತಿರದ ಮೊಣಕಾಲಿಗೆ, ಇಳಕಲ್ ಸೀರೆಯ ನೆರಿಗೆಗೆ ಆ ಎತ್ತರ ನಗುವ ಮಾತಲ್ಲ. ಬಾಗಿಲ ಕೆಳಗೆ ಉದ್ದನೆಯ ಪಟ್ಟಿಯಂಥ ಮೆಟ್ಟಿಲಿದೆ, ನಿಜ. ಅದು ಬೂಟಿನ ಕಾಲಿಗೆ ಅಳತೆ ಮಾಡಿದ್ದು. ಈಗ ನಮ್ಮ ಮನೆಯ ಮಣೆಯೊಂದು ಸದಾ ಡಿಕ್ಕಿಯಲ್ಲೇ ಇರುತ್ತದೆ. ಲಕ್ಷಗಟ್ಟಲೆ ಕೊಟ್ಟ ಗಾಡಿಯ ಕೊರತೆಯನ್ನು ನಮ್ಮ ಅಡುಗೆಮನೆಯ ಮಣೆ ತುಂಬುತ್ತಿದೆ.

ಮೂರನೆಯ ಸಾಲಿನದು ದೊಡ್ಡ ಕತೆ. ಮುಂದೆ ಮಗ ಮತ್ತು ಯಜಮಾನರು, ನಡುವೆ ಬೀಗರೋ ನೆಂಟರೋ, ಹಿಂದೆ ನಾನು, ಸೊಸೆ, ಕೂಸು ಮತ್ತು ಬುತ್ತಿಯ ಗಂಟು. ಯಾರೂ ಹೇಳಿ ಮಾಡಿದ್ದಲ್ಲ, ಹಾಗೇ ಆಗಿಬಿಡುತ್ತದೆ. ಇಂಥ ಗಾಡಿಗಳ ಮೈ ಲಾರಿಯ ಹಾಗೆ ಗಟ್ಟಿ ಚೌಕಟ್ಟಿನ ಮೇಲೆ ಕೂತಿರುತ್ತದೆ. ಅದರಿಂದ ಒಳಗಿನ ನೆಲ ಎತ್ತರವಾಗುತ್ತದೆ, ಛಾವಣಿ ತಗ್ಗಿಸಲು ಹಿಂದಿನ ಸೀಟನ್ನು ನೆಲಕ್ಕೆ ಹತ್ತಿಸುತ್ತಾರೆ. ಕೂತವರ ಮೊಣಕಾಲು ಎದೆಯ ಹತ್ತಿರ ಬರುತ್ತದೆ. ಮಕ್ಕಳಿಗೆ ಸರಿ, ಐವತ್ತು ದಾಟಿದ ಸೊಂಟಕ್ಕಲ್ಲ. ಅದಕ್ಕಿಂತ ಮುಖ್ಯವಾದದ್ದು ಬಾಗಿಲು. ಮೂರನೆಯ ಸಾಲಿಗೆ ತನ್ನದೆಂಬ ಬಾಗಿಲಿಲ್ಲ. ನಡುವಿನವರು ಇಳಿದು, ತಮ್ಮ ಸೀಟು ಮಡಚಿ ದಾರಿ ಬಿಟ್ಟರೆ ಮಾತ್ರ ಹಿಂದಿನವರು ಹೊರಗೆ ಬರಬೇಕು. ಬಯಲಿಗೆ ಹೋಗಬೇಕೆಂದರೂ ಮುಂದಿನವರ ಅಪ್ಪಣೆ ಬೇಕು. ನಮ್ಮ ಮನೆಗಳ ರೀತಿಯನ್ನು ಯಾರೋ ಜಪಾನಿನಲ್ಲೋ ಅಮೆರಿಕದಲ್ಲೋ ಕೂತು ನಕ್ಷೆ ಬರೆದಂತೆ ಕಾಣುತ್ತದೆ.

ಬೆಲ್ಟಿನ ವಿಷಯವನ್ನೂ ಹೇಳಬೇಕು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಕೂತಿದ್ದುದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟು ಹಾಕಿರಲಿಲ್ಲ. ಹಿಂದೆ ಕೂತವರೂ ಬೆಲ್ಟು ಹಾಕಬೇಕೆಂಬ ನಿಯಮ ಮೊದಲೇ ಇತ್ತು. ಅದು ಜನರ ಬಾಯಿಗೆ ಬಂದದ್ದು ಆಮೇಲೆ. ನಮ್ಮಲ್ಲಿ ಇಂದಿಗೂ ಮುಂದಿನವರು ಪೊಲೀಸರಿಗಾಗಿ ಹಾಕುತ್ತಾರೆ, ಹಿಂದಿನವರು ತಾಳಿ ಸಿಕ್ಕಿಕೊಳ್ಳುತ್ತದೆ, ಸೆರಗು ಮುದುಡುತ್ತದೆ ಎಂದು ಬಿಡುತ್ತಾರೆ. ಕೂಸನ್ನು ಮಡಿಲಲ್ಲಿ ಅವುಚಿಕೊಂಡರೆ ಸಾಕೆಂಬ ನಂಬಿಕೆ ಬೇರೆ. ಗಾಡಿ ತಟಕ್ಕನೆ ನಿಂತಾಗ ಯಾವ ತಾಯಿಯ ಕೈಗೂ ಅಷ್ಟು ಬಲವಿರುವುದಿಲ್ಲ. ಗಾಡಿಯ ಜತೆ ಏನೇನೋ ಕೊಡಿಸಿದ ನಮ್ಮವರಿಗೆ ಕೂಸಿನ ಸೀಟು ಕೊಡಿಸಲು ಮೂರು ಸಲ ಹೇಳಬೇಕಾಯಿತು. ಸೀಟಿಗೆ ಹೊದಿಸುವ ಚರ್ಮದ ಹೊದಿಕೆ ಮಾತ್ರ ಒಂದೂ ಸಲ ಹೇಳದೆ ಬಂತು.

ಡೀಸೆಲ್ಲಿನ ಗುಣದೋಷವನ್ನೂ ಬಲ್ಲವರಿಂದ ಕೇಳಿ ತಿಳಿದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದ ಓಡಿತ್ತೆಂದು ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಹೊಗೆಯ ಮಾತು ಮಾತ್ರ ಹಾಗೆ ತಮಾಷೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದ್ದು 2012ರಲ್ಲಿ. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ಸುತ್ತ 2000 ಸಿಸಿ ಮೇಲಿನ ಡೀಸೆಲ್ ಗಾಡಿಗಳ ನೋಂದಣಿಯನ್ನು ತಡೆಯಿತು; 2016ರ ಆಗಸ್ಟಿನಲ್ಲಿ ಶೇ. 1ರ ಶುಲ್ಕ ಹಾಕಿ ಬಿಟ್ಟಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು, ಡೀಸೆಲ್ಲಿನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಹೊಸ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ಗಾಡಿ ಒಂದೇ ವೇಗದಲ್ಲಿ ದೂರ ಓಡಿ ಬಿಸಿಯಾದಾಗ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಬರೀ ಊರೊಳಗೆ ಓಡಾಡಿದರೆ ಜರಡಿ ಕಟ್ಟಿಕೊಳ್ಳುತ್ತದೆ. ಕೆಲವು ಗಾಡಿಗಳಿಗೆ ಶೇ. 32.5ರ ಯೂರಿಯಾ ದ್ರಾವಣವನ್ನೂ ಬೇರೆ ಡಬ್ಬಿಯಲ್ಲಿ ತುಂಬಬೇಕು. ಹೊಲಕ್ಕೆ ಎರಚುವ ಯೂರಿಯಾ ಕರಗಿಸಿ ಹಾಕುವಂತಿಲ್ಲ, ಕೆಟ್ಟೀತು.

ಮಗ ಪ್ರೀತಿಯಿಂದ, “ಅವ್ವಾ, ಸಾಲಿಗೆ ದಿನಾ ಇದರಾಗ ಬಿಟ್ಟು ಬರ್ತೀನಿ” ಎಂದ. ಶಾಲೆ ಒಂದೂವರೆ ಕಿಲೋಮೀಟರು. ಅಷ್ಟು ದೂರಕ್ಕೆ ಓಡಿದರೆ ಎಂಜಿನ್ನೂ ಕಾಯುವುದಿಲ್ಲ, ಜರಡಿಯೂ ಉಳಿಯುವುದಿಲ್ಲ, ಶಾಲೆಯ ಗೇಟಿನಲ್ಲಿ ನಿಂತ ಮಕ್ಕಳ ಮೂಗಿಗೆ ಹೊಗೆ. ನಾನು ನಡೆದೇ ಹೋಗುತ್ತೇನೆ. ದೂರದ ಊರಿಗೆ ಓಡುವವರ ಗಾಡಿ ಇದು, ಓಣಿಯೊಳಗೆ ತೋರಿಸಿಕೊಳ್ಳುವವರದಲ್ಲ.

ಇನ್ನು ದುಡ್ಡು. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳ ಮೇಲೆ ಜಿಎಸ್‌ಟಿ ಶೇ. 40. ಅದರ ಮೇಲೆ ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇ. 18. ವಿಮೆ, ಇತರೆ ಸೇರಿ ರಸ್ತೆಗಿಳಿಯುವಷ್ಟರಲ್ಲಿ ನಮ್ಮದು 40 ಲಕ್ಷ ದಾಟಿತು. ನಮ್ಮ ದಾರಿಗಳಲ್ಲಿ ಲೀಟರಿಗೆ 11 ಕಿಲೋಮೀಟರು ಕೊಡುತ್ತದೆ. ಬೆಳಗಾವಿಗೆ ಹೋಗಿ ಬಂದರೆ ಇಪ್ಪತ್ತೈದು ಲೀಟರಿನ ಆಸುಪಾಸು. ಅದೇ ಬೆಳಗಾವಿಗೆ ಸರಕಾರಿ ಬಸ್ಸಿನಲ್ಲಿ, 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯಲ್ಲಿ, ನಾವು ಹೆಂಗಸರು ಪುಕ್ಕಟೆ ಹೋಗಿ ಬರಬಹುದು.

ಸಾಲ ಕೊಟ್ಟವರು ತೋಟ ನೋಡಲಿಲ್ಲ, ನನ್ನ ಪಗಾರದ ಚೀಟಿ ನೋಡಿದರು. ದ್ರಾಕ್ಷಿಗೆ ಪಗಾರದ ಚೀಟಿ ಇಲ್ಲವಲ್ಲ. ಅಕ್ಟೋಬರ್ ಚಾಟ್ನಿಯ ನಂತರ ಒಂದು ಅಕಾಲದ ಮಳೆ ಬಿದ್ದರೆ ವರ್ಷದ ಲೆಕ್ಕವೇ ತಿರುವುಮುರುವು. ಸಹಿ ನನ್ನದೂ ಇದೆ, ಗೊತ್ತಿದ್ದೇ ಹಾಕಿದ್ದೇನೆ. ಕಂತು ಏಳು ವರ್ಷದ್ದು, ನನ್ನ ನೌಕರಿ ಉಳಿದಿರುವುದು ನಾಲ್ಕು ವರ್ಷ. ಗಾಡಿಯ ಪುಸ್ತಕದಲ್ಲಿ ಮಾತ್ರ ಹೆಸರು ಯಜಮಾನರದು. ಮಣೂಕದ ಶೆಡ್ಡಿನಲ್ಲಿ ಕೂತು ಕಡ್ಡಿ ತೆಗೆದು, ಬಣ್ಣ ನೋಡಿ ಆರಿಸುವ ಕೈಗಳೂ ಹೆಂಗಸರವೇ. ಗಾಡಿ ನೋಡಲು ಬಂದವರು ಅವರನ್ನು ಕೇಳುವುದಿಲ್ಲ, ನನ್ನನ್ನೂ ಕೇಳುವುದಿಲ್ಲ. “ಸಾಹುಕಾರ್ರ, ಎಷ್ಟ ಕೊಟ್ರಿ?” ಎಂದು ಕೇಳುತ್ತಾರೆ.

ಇನ್ನು ಚಾವಿಯ ಮಾತು. ಸೊಸೆ ಮದುವೆಗೆ ಮೊದಲೇ ಲೈಸೆನ್ಸು ಪಡೆದವಳು. ಮೊದಲ ಮೂರು ತಿಂಗಳು ಯಾರೂ ಅವಳ ಕೈಗೆ ಚಾವಿ ಕೊಡಲಿಲ್ಲ. “ದೊಡ್ಡ ಗಾಡಿ ಐತಿ, ನಿನಗ ಅಂದಾಜ ಸಿಗೂದಿಲ್ಲ” ಎನ್ನುತ್ತಿದ್ದರು. ಮಣೂಕ ಮಾರಲು ಗಂಡಸರಿಬ್ಬರೂ ತಾಸಗಾಂವಿಗೆ ಹೋದ ಒಂದು ರಾತ್ರಿ ಅತ್ತಿಯವರಿಗೆ ಉಸಿರು ಕಟ್ಟಿತು. ಕರೆದ ಡ್ರೈವರು ಬೇರೆ ಊರಿನಲ್ಲಿದ್ದ. ಸೊಸೆ, “ಅತ್ತಿ, ನಾ ಹೊಡೀತೀನ್ರಿ, ನೀವು ಅಜ್ಜಿನ್ನ ಹಿಡ್ಕೋರಿ” ಎಂದು ಚಾವಿ ತೆಗೆದುಕೊಂಡಳು. ಕೂಸನ್ನು ನೆರೆಮನೆಗೆ ಕೊಟ್ಟು, ಮಣೆ ಇಟ್ಟು ಅತ್ತಿಯವರನ್ನು ನಡುವಿನ ಸಾಲಿಗೆ ಏರಿಸಿದೆವು. ಮೀರಜ ಮುಟ್ಟುವ ತನಕ ಅವಳು ಒಂದು ಮಾತೂ ಆಡಲಿಲ್ಲ, ಒಂದು ಸಲವೂ ಗಾಡಿ ಜಗ್ಗಲಿಲ್ಲ. ಆ ರಾತ್ರಿ ಗೇರು ಬದಲಿಸುವ ಕೆಲಸವಿಲ್ಲದ್ದು, ಹಿಂದೆ ಮುಂದೆ ತೋರಿಸುವ ಕ್ಯಾಮರಾ, ಆ ದೀಪ ಎಲ್ಲವೂ ತಮ್ಮ ಬೆಲೆಯನ್ನು ತೋರಿಸಿದವು. ಓಡಿಸಲು ಸುಲಭವಾದ ಗಾಡಿಯನ್ನೇ ಹೆಂಗಸರಿಗೆ ಆಗದೆಂದು ಮುಚ್ಚಿಟ್ಟಿದ್ದರು! ಅತ್ತಿಯವರು ಐದು ದಿನಕ್ಕೆ ಮನೆಗೆ ಬಂದರು. ಚಾವಿ ಮತ್ತೆ ಯಜಮಾನರ ಅಂಗಿಯ ಜೇಬು ಸೇರಿತು. ಎರಡನೆಯ ಚಾವಿಯೊಂದು ತಿಜೋರಿಯಲ್ಲಿದೆಯೆಂದು ನನಗೆ ಗೊತ್ತಿತ್ತು. ಅದನ್ನು ಕೇಳಿ ತೆಗೆಸಿ ಸೊಸೆಗೆ ಕೊಟ್ಟೆ. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಿತ್ತು, ಆಮೇಲೆ ಸರಿಹೋಯಿತು.

ಆದ್ದರಿಂದ ಈ ಗಾಡಿಯ ಬಗ್ಗೆ ನನ್ನ ತೀರ್ಪು ಹೀಗಿದೆ: ದೂರದ ದಾರಿಗೆ, ಕೆಟ್ಟ ದಾರಿಗೆ, ಕಷ್ಟದ ರಾತ್ರಿಗೆ ಒಳ್ಳೆಯದು. ಓಣಿಗೆ ಭಾರ, ಸಾಲಕ್ಕೆ ಇನ್ನೂ ಭಾರ. ಮೂರನೆಯ ಸಾಲು ದೊಡ್ಡವರಿಗೆ ಲಾಯಕ್ಕಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದರ ಮಾತು ನಡೆದಿದ್ದರೆ, ಕೊಳ್ಳುವ ಮೊದಲು ಶೋರೂಮಿಗೆ ನೀವೂ ಹೋಗಿ, ಸೀರೆಯಲ್ಲೇ ಹೋಗಿ. ಮನೆಯ ಹಿರಿಯಳನ್ನು ಕರೆದೊಯ್ದು ಏರಿಸಿ ಇಳಿಸಿ ನೋಡಿ. ಕೊನೆಯ ಸಾಲಿನಲ್ಲಿ ಹತ್ತು ನಿಮಿಷ ಕೂತು ನೋಡಿ. ಕಂತು ಯಾರ ಪಗಾರದಿಂದ ಹೋಗುತ್ತದೆ, ಪುಸ್ತಕದಲ್ಲಿ ಯಾರ ಹೆಸರು ಬರುತ್ತದೆ ಎಂದು ಅಲ್ಲೇ ಕೇಳಿ. ಹೊರಡುವಾಗ ಚಾವಿ ಎರಡಿರುತ್ತವೆ, ಒಂದನ್ನು ನೀವು ಇಟ್ಟುಕೊಳ್ಳಿ.