ದೆವ್ವದ ಮಾತು, ಸೊಸೆಯ ಮೌನ

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇಗುಲದಲ್ಲಿ ಕಾಳಿಯ ಗರ್ಭಗುಡಿಯ ಬಾಗಿಲ ಇಕ್ಕೆಲಗಳಲ್ಲಿ ಎರಡು ಬೇತಾಳಗಳು ನಿಂತಿವೆ. 1113ರ ಸುಮಾರಿಗೆ ಈ ಗುಡಿಯನ್ನು ಕಟ್ಟಿಸಿದವರು ವರ್ತಕ ಕುಲ್ಲಹಣ ರಾಹುತ ಹಾಗೂ ಅವನ ಮಡದಿ ಸಹಜಾದೇವಿ. ಇಲ್ಲಿ ಭಯಕ್ಕೊಂದು ರೂಪವುಂಟು, ನಿಲ್ಲಲೊಂದು ಸ್ಥಳವುಂಟು. ಆದರೆ ಅದೇ ಭಯವು ಮನೆಯೊಳಗೆ ಬಂದು ಎಳೆಯ ಸೊಸೆಯ ಮೈಮೇಲೆ ನಿಂತಾಗ ಅದನ್ನು ಅರಿಯುವ ಬಗೆ ಯಾವುದು?

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿಕೊಂಡವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾರ್ಪರ್ ಒಬ್ಬರು. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಹಳ್ಳಿಯೊಂದರಲ್ಲಿ ನೆಲೆಸಿ, ಅದನ್ನು ‘ತೋಟಗದ್ದೆ’ ಎಂಬ ಕಲ್ಪಿತ ನಾಮದಿಂದ ಕರೆದು, ದೇವರು ಮೈಮೇಲೆ ಬರುವವರನ್ನು ಕುರಿತು 1957ರಲ್ಲಿ ಅವರು ಪ್ರಬಂಧವೊಂದನ್ನು ಪ್ರಕಟಿಸಿದರು. 1963ರ ಲೇಖನದಲ್ಲಿ ಅವರ ದೃಷ್ಟಿ ಹವ್ಯಕ ಕುಟುಂಬಗಳ ಎಳೆಯ ಸೊಸೆಯಂದಿರತ್ತ ಹರಿಯಿತು. ತವರನ್ನು ಬಿಟ್ಟು ಬಂದು, ಅತ್ತೆಯ ಅಧೀನದಲ್ಲಿ, ಮನೆಯ ಅತ್ಯಂತ ಕೆಳಗಿನ ಸ್ಥಾನದಲ್ಲಿರುವ ಹೆಣ್ಣನ್ನು ದೆವ್ವ ಹಿಡಿಯುತ್ತದೆ. ಅದುವರೆಗೆ ಆಕೆಯನ್ನು ಗಮನಿಸದಿದ್ದ ಮನೆಯೇ ಆಗ ಆಕೆಯ ಸುತ್ತ ನೆರೆಯುತ್ತದೆ ಎಂಬುದು ಅವರ ವಿವೇಚನೆಯ ತಿರುಳು. 1971ರಲ್ಲಿ ಐ. ಎಂ. ಲೂಯಿಸ್ ತಮ್ಮ ಗ್ರಂಥದಲ್ಲಿ ಇದನ್ನು ಬಳಸಿಕೊಂಡುದರಿಂದ ಮಲೆನಾಡಿನ ಈ ಸಂಗತಿ ಜಗತ್ತಿನ ವಿದ್ವಾಂಸರಿಗೆ ಪರಿಚಿತವಾಯಿತು.

ಇದರಲ್ಲಿ ಮೆಚ್ಚತಕ್ಕ ಅಂಶವಿದೆ. ಮೂಢನಂಬಿಕೆಯೆಂದು ಹಳಿದು, ಇಲ್ಲವೆ ಸೋಗೆಂದು ನಕ್ಕು ಕೈಬಿಡುವ ನಮ್ಮ ಅವಸರ ಹಾರ್ಪರರಲ್ಲಿಲ್ಲ. ರೋಗವನ್ನು ಆ ಹೆಣ್ಣಿನಲ್ಲಿ ಮಾತ್ರವಲ್ಲದೆ ಮನೆಯ ವ್ಯವಸ್ಥೆಯಲ್ಲಿಯೂ ಅವರು ಹುಡುಕಿದರು. ಆದರೂ ಒಂದು ಕೊರತೆ ಉಳಿಯುತ್ತದೆ. ಊರಿನವರ ಸ್ನೇಹವನ್ನು ಆಶ್ರಯಿಸಿದ ಪರದೇಶದ ಪುರುಷನಿಗೆ ಜಗಲಿಯ ಮಾತು ಕೇಳಿಸುವಷ್ಟು ಅಡುಗೆಮನೆಯ ಮಾತು ಕೇಳಿಸೀತೆ? ವಿವರಣೆಯ ಭಾರವೆಲ್ಲ ಸ್ಥಾನಮಾನದ ಮೇಲೆ ಬಿದ್ದಾಗ ದುಃಖವು ಒಂದು ಉಪಾಯವಾಗಿ ಕಾಣುತ್ತದೆ. ದೆವ್ವ ನುಡಿಯಿತು, ಹಿರಿಯರು ನುಡಿದರು, ವಿದ್ವಾಂಸರೂ ನುಡಿದರು, ಸೊಸೆ ಏನೆಂದಳು?

ಇಲ್ಲಿ ಅದೇ ಶಿವಮೊಗ್ಗ ಜಿಲ್ಲೆಯ ಉಡುತಡಿ ನೆನಪಾಗದಿರದು. ಅಕ್ಕಮಹಾದೇವಿಯು ನುಡಿಯಲು ಯಾವ ದೆವ್ವದ ಮರೆಯನ್ನೂ ಬೇಡಲಿಲ್ಲ. ಚೆನ್ನಮಲ್ಲಿಕಾರ್ಜುನನೆಂಬ ಅಂಕಿತದಲ್ಲಿ ತನ್ನ ಅನುಭವವನ್ನು ತನ್ನದೆಂದೇ ಸಾರಿದಳು. ಹಿರೇಜಂಬೂರಿನ ಸತ್ಯಕ್ಕನೂ ಹಾಗೆಯೇ. ಮೈದುಂಬಿದ ಹೆಣ್ಣಿನ ಮಾತು ದೆವ್ವ ಇಳಿದೊಡನೆ ಒಡೆಯರಿಲ್ಲದ ಮಾತಾಗುತ್ತದೆ. ಶರಣೆಯ ಮಾತಿಗಾದರೋ ಆಕೆಯೇ ಹೊಣೆ. ಹಾರ್ಪರರ ವಿವೇಚನೆಯನ್ನು ಪೂರ್ಣಗೊಳಿಸಬೇಕಾದ ಹೋಲಿಕೆ ಇದು.

ಆದರೆ ಈ ಹೋಲಿಕೆಯಿಂದ ನಾವು ಹೆಮ್ಮೆಪಟ್ಟು ಸುಮ್ಮನಾಗುವಂತಿಲ್ಲ. ಸೊಸೆಯನ್ನು ಮೌನಕ್ಕೆ ಒಪ್ಪಿಸಿದ ಮನೆಗಳು ಒಂದು ಜಾತಿಗೆ ಮೀಸಲಲ್ಲ. ವಚನಗಳನ್ನು ನಿತ್ಯ ಪಠಿಸುವ ಮನೆಗಳಲ್ಲಿಯೂ ಅವು ಉಂಟು. ಶರಣರು ಕ್ಷುದ್ರದೈವಗಳನ್ನು ನಿರಾಕರಿಸಿದರೆಂಬುದು ನಿಜ. ಅದನ್ನೇ ನೆಪವಾಗಿಸಿ, ಆ ದೈವದ ಹೆಸರಿನಲ್ಲಿ ನರಳುವ ಜೀವವನ್ನೂ ನಿರಾಕರಿಸಿದರೆ ಶರಣತತ್ತ್ವಕ್ಕೆ ದ್ರೋಹವಾದೀತು. ದೆವ್ವವನ್ನು ಬಿಡಿಸುವ ಮೊದಲು, ಅದು ಬಾರದೆಯೂ ಆ ಹೆಣ್ಣು ಮಾತನಾಡಬಹುದಾದ ಮನೆ ನಮ್ಮದಾಗಿದೆಯೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳತಕ್ಕದ್ದು.