ಮೊದಲ ಪುಟದಲ್ಲಿ ಇಲ್ಲದ ತೀರ್ಪು

ಕೋರ್ಟು ದಾಖಲೆಗಳನ್ನು ಜನರಿಗೆ ತೆರೆದಿಡಬೇಕು ಎಂಬ ಮಾತು ಬಂದಾಗಲೆಲ್ಲ ನಮ್ಮ ಕಾನೂನು ಬರಹಗಾರರು ಅಮೆರಿಕವನ್ನು ತೋರಿಸುತ್ತಾರೆ. ಅಮೆರಿಕದ ಒಳಗೆ ಅದೇ ಮಾತು ಬಂದರೆ ವಿಸ್ಕಾನ್ಸಿನ್ ರಾಜ್ಯದ ಹೆಸರು ಬೇಗನೆ ಕೇಳಿಬರುತ್ತದೆ. ಅಲ್ಲಿನ ಸರ್ಕಿಟ್ ಕೋರ್ಟುಗಳ ದಾಖಲೆ ತಾಣ ಶುರುವಾದದ್ದು 1999ರಲ್ಲಿ. ಅದಕ್ಕೊಂದು ಉದ್ದನೆಯ ಅಧಿಕೃತ ಹೆಸರಿದೆ. ಆದರೆ ವಕೀಲರಿಂದ ಹಿಡಿದು ಮನೆ ಬಾಡಿಗೆಗೆ ಕೊಡುವವರ ತನಕ ಎಲ್ಲರ ಬಾಯಲ್ಲೂ ಅದು ‘ಸಿಕ್ಯಾಪ್’. 72 ಕೌಂಟಿಗಳ ಪ್ರಕರಣಗಳು ಒಂದೇ ಕಡೆ ಸಿಗುತ್ತವೆ. ಲಾಗಿನ್ ಬೇಡ, ಶುಲ್ಕವಿಲ್ಲ. ನ್ಯೂಯಾರ್ಕಿನಲ್ಲಿ ಇಡೀ ರಾಜ್ಯದ ಕ್ರಿಮಿನಲ್ ದಾಖಲೆ ಹುಡುಕಿಸಲು ಕೋರ್ಟು ಆಡಳಿತಕ್ಕೆ 95 ಡಾಲರ್ ಕಟ್ಟಬೇಕು. ಫೆಡರಲ್ ಕೋರ್ಟುಗಳ ‘ಪೇಸರ್’ ಪುಟಕ್ಕೆ 10 ಸೆಂಟ್ ಎಣಿಸುತ್ತದೆ. ಇವುಗಳ ಪಕ್ಕದಲ್ಲಿ ಸಿಕ್ಯಾಪ್ ಉದಾರವಾಗಿ ಕಾಣುತ್ತದೆ, ಹೊಗಳಿಕೆಯೂ ಅದಕ್ಕೆ ತಕ್ಕಂತೆ ಬಂದಿದೆ.

ಆ ಹೊಗಳಿಕೆ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಬಾಗಿಲು ತೆರೆದಿದೆಯೇ ಎಂದು ಎಲ್ಲರೂ ಕೇಳಿದರು. ಒಳಗೆ ಹೋದವರಿಗೆ ಓದಲು ಏನು ಸಿಗುತ್ತದೆ ಎಂದು ಕೇಳಿದವರು ಕಡಿಮೆ.

ಓದಿಯೇ ನೋಡೋಣ. ಹುಡುಕಾಟದ ಪುಟ ಮೊದಲು ಕೇಳುವುದು ಒಬ್ಬ ಮನುಷ್ಯನ ಹೆಸರನ್ನು. ಹೆಸರು ಹಾಕಿದರೆ ಪಟ್ಟಿಯೊಂದು ಬರುತ್ತದೆ. ಕೇಸ್ ನಂಬರ್, ದಾಖಲಾದ ದಿನ, ಕೌಂಟಿ, ಕೇಸಿನ ಸ್ಥಿತಿ, ಆಮೇಲೆ ‘ಸ್ಟೇಟ್ ಆಫ್ ವಿಸ್ಕಾನ್ಸಿನ್ ವರ್ಸಸ್ ಇಂಥವರು’ ಎಂಬ ಶೀರ್ಷಿಕೆ. ಸ್ಥಿತಿಯ ಕಾಲಮ್ಮಿನಲ್ಲಿ ಹೆಚ್ಚಾಗಿ ಕಾಣುವುದು ‘ಓಪನ್’ ಅಥವಾ ‘ಕ್ಲೋಸ್ಡ್’. ಹತ್ತು ವರ್ಷ ಜೈಲಿಗೆ ಹೋದವನ ಕೇಸೂ ಕ್ಲೋಸ್ಡ್. ಜ್ಯೂರಿ ನಿರ್ದೋಷಿ ಎಂದು ಬಿಟ್ಟು ಕಳಿಸಿದವನ ಕೇಸೂ ಕ್ಲೋಸ್ಡ್. ತೀರ್ಪು ಹೇಳುವುದು ಕೋರ್ಟಿನ ಕೆಲಸ. ಆ ಕೋರ್ಟಿನದೇ ಪಟ್ಟಿಯಲ್ಲಿ ತೀರ್ಪಿಗೆ ಒಂದು ಕಾಲಮ್ ಇಲ್ಲ.

ಇನ್ನು ಕೇಸ್ ನಂಬರ್. ವರ್ಷ ಮತ್ತು ಕ್ರಮಸಂಖ್ಯೆಯ ನಡುವೆ ಎರಡು ಅಕ್ಷರ ಇರುತ್ತವೆ: ಫೆಲನಿಗೆ ‘ಸಿಎಫ್’, ಮಿಸ್‌ಡಿಮೀನರ್‌ಗೆ ‘ಸಿಎಂ’. ರಾಜ್ಯದ ಕಾರಾಗೃಹಕ್ಕೆ ಕಳಿಸಬಹುದಾದ ಅಪರಾಧ ಫೆಲನಿ, ಅದಕ್ಕಿಂತ ಕೆಳಗಿನದು ಮಿಸ್‌ಡಿಮೀನರ್. ಈ ಎರಡರ ಅಂತರ ಸಣ್ಣದಲ್ಲ. ಫೆಲನಿ ಶಿಕ್ಷೆಯಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಜೈಲು, ಪ್ರೊಬೇಷನ್ ಎಲ್ಲ ಮುಗಿಯುವ ತನಕ ವಿಸ್ಕಾನ್ಸಿನ್‌ನಲ್ಲಿ ಮತ ಹಾಕುವಂತಿಲ್ಲ. ಆದರೆ ‘ಸಿಎಫ್’ ಎಂಬ ಅಕ್ಷರಗಳು ಬೀಳುವುದು ಕೇಸು ದಾಖಲಾದ ದಿನ, ಪ್ರಾಸಿಕ್ಯೂಟರ್ ಹೊರಿಸಿದ ಆರೋಪವನ್ನು ನೋಡಿ. ಆರು ತಿಂಗಳಾದ ಮೇಲೆ ಫೆಲನಿ ಆರೋಪ ಬಿದ್ದುಹೋಗಿ, ಆ ಮನುಷ್ಯ ಸಣ್ಣದೊಂದು ಮಿಸ್‌ಡಿಮೀನರ್ ಒಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋದ ಎಂದಿಟ್ಟುಕೊಳ್ಳಿ. ನಂಬರ್ ಬದಲಾಗುವುದಿಲ್ಲ. ಕಾನೂನಿನ ಕಣ್ಣಿಗೆ ಆತ ಫೆಲನಿ ಅಪರಾಧಿಯಲ್ಲ, ಪಟ್ಟಿಯಲ್ಲಿ ಮಾತ್ರ ಸಿಎಫ್ ಆಗಿಯೇ ಉಳಿಯುತ್ತಾನೆ. ಪ್ರಾಸಿಕ್ಯೂಟರ್ ಮೊದಲ ದಿನ ಅಂದುಕೊಂಡದ್ದು ಹೆಸರಿನ ಪಕ್ಕದಲ್ಲಿ ನಿಂತಿದೆ. ನ್ಯಾಯಾಧೀಶರು ಕೊನೆಯ ದಿನ ಹೇಳಿದ್ದನ್ನು ತಿಳಿಯಲು ಇನ್ನೂ ಒಂದು ಪುಟ ತೆರೆಯಬೇಕು.

ಆ ಪುಟವನ್ನೂ ತೆರೆದರೆ ಆರೋಪಗಳ ಪಟ್ಟಿ ಇದೆ. ಕಾಯ್ದೆಯ ಸೆಕ್ಷನ್, ಅಪರಾಧದ ಹೆಸರು, ಎ ಯಿಂದ ಐ ವರೆಗಿನ ದರ್ಜೆ, ಕೊನೆಯಲ್ಲಿ ಏನಾಯಿತು ಎಂಬ ಒಂದು ಸಾಲು. ಇಲ್ಲಿ ಎರಡು ನಮೂದುಗಳ ಹತ್ತಿರ ನಿಲ್ಲಬೇಕು.

ಒಂದು, ಫೆಲನಿ ಬೇಲ್ ಜಂಪಿಂಗ್, ಸೆಕ್ಷನ್ 946.49, ಎಚ್ ದರ್ಜೆ, ಆರು ವರ್ಷದವರೆಗೆ ಶಿಕ್ಷೆ. ಜಾಮೀನಿನ ಮೇಲೆ ಹೊರಬಂದು ತಲೆಮರೆಸಿಕೊಂಡವನು ಎಂದೇ ಓದುಗರಿಗೆ ಅನಿಸುತ್ತದೆ. ಆದರೆ ಫೆಲನಿ ಆರೋಪದಲ್ಲಿ ಜಾಮೀನು ಪಡೆದವರು ಯಾವ ಷರತ್ತನ್ನು ಬೇಕೆಂದು ಮುರಿದರೂ ಇದೇ ಸೆಕ್ಷನ್. ಕುಡಿಯಬಾರದು ಎಂದಿದ್ದಾಗ ಒಂದು ಬಿಯರ್ ಕುಡಿದರೂ, ರಾತ್ರಿ ಇಂತಿಷ್ಟು ಗಂಟೆಗೆ ಮನೆ ಸೇರಬೇಕು ಎಂದಿದ್ದಾಗ ತಡವಾದರೂ ಸಾಕು. ಮೂಲ ಆರೋಪ ವಜಾ ಆದರೂ ಇದು ನಿಲ್ಲಬಹುದು. ಆ ರಾಜ್ಯದಲ್ಲಿ ಪದೇ ಪದೇ ಹೊರಿಸುವ ಆರೋಪಗಳಲ್ಲಿ ಇದೂ ಒಂದು. ತಲೆಮರೆಸಿಕೊಂಡದ್ದಕ್ಕೂ ಬಿಯರ್‌ಗೂ ಪುಟದಲ್ಲಿ ಬರುವ ಸಾಲು ಒಂದೇ.

ಎರಡನೆಯದು ‘ಡಿಸ್ಮಿಸ್ಡ್ ಬಟ್ ರೆಡ್ ಇನ್’. ನನ್ನನ್ನು ಹೆಚ್ಚು ಕಾಡಿದ್ದು ಇದೇ. ವಿಸ್ಕಾನ್ಸಿನ್‌ನಲ್ಲಿ ಪ್ರಾಸಿಕ್ಯೂಟರ್ ಮತ್ತು ಆರೋಪಿ ರಾಜಿ ಮಾಡಿಕೊಳ್ಳುವಾಗ ಕೆಲವು ಆರೋಪಗಳನ್ನು ವಜಾ ಮಾಡಿಸಿ, ಆದರೆ ಬೇರೆ ಆರೋಪಕ್ಕೆ ಶಿಕ್ಷೆ ನಿಗದಿ ಮಾಡುವಾಗ ಇವನ್ನೂ ನ್ಯಾಯಾಧೀಶರು ಗಮನಕ್ಕೆ ತೆಗೆದುಕೊಳ್ಳಲಿ ಎಂದು ಒಪ್ಪುತ್ತಾರೆ. ನಷ್ಟಕ್ಕೆ ಪರಿಹಾರ ಕಟ್ಟಿಸಬಹುದು, ಮುಂದೆ ಅದೇ ಆರೋಪ ಮತ್ತೆ ಹೊರಿಸುವಂತಿಲ್ಲ. ಇದು ಅಪರಾಧ ಸಾಬೀತಾದಂತೆ ಅಲ್ಲ. ಇದಕ್ಕೆ ಒಪ್ಪಿದರೆ ತಪ್ಪೊಪ್ಪಿಕೊಂಡಂತೆಯೂ ಅಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟು 2008ರ ಸ್ಟ್ರಾಸ್ಕೌಸ್ಕಿ ಪ್ರಕರಣದಲ್ಲಿ ಸ್ಪಷ್ಟಪಡಿಸಬೇಕಾಯಿತು. ಅಂದರೆ ಅಲ್ಲಿನ ನ್ಯಾಯಾಧೀಶರು, ವಕೀಲರ ನಡುವೆಯೇ ಈ ಬಗ್ಗೆ ಗೊಂದಲ ಇತ್ತು. ರಾಜ್ಯದ ಅತ್ಯುನ್ನತ ಕೋರ್ಟು ಕೂತು ಬಿಡಿಸಬೇಕಾದ ಗಂಟನ್ನು ಸಿಕ್ಯಾಪ್ ನಾಲ್ಕು ಪದಗಳಲ್ಲಿ ಮನೆ ಮಾಲೀಕನ ಮುಂದಿಡುತ್ತದೆ. ಆತನ ಮುಂದೆ ಹತ್ತು ಅರ್ಜಿಗಳಿವೆ, ಮನೆ ಒಂದೇ ಇದೆ. ಸಂಶಯದ ಲಾಭ ಯಾರಿಗೆ ಹೋಗುತ್ತದೆ ಎಂದು ಬೇರೆ ಹೇಳಬೇಕೆ?

ತಾಣದಲ್ಲಿ ಎಚ್ಚರಿಕೆಯ ಮಾತುಗಳಿವೆ, ಅದನ್ನು ಮುಚ್ಚಿಡುವುದಿಲ್ಲ. ಶಿಕ್ಷೆಯ ದಾಖಲೆ ಕೆಲಸಕ್ಕೆ ನೇರ ಸಂಬಂಧಿಸಿದ್ದರೆ ಮಾತ್ರ ಅದನ್ನು ಕಾರಣ ಮಾಡಿಕೊಂಡು ಕೆಲಸ ನಿರಾಕರಿಸಬಹುದು ಎಂಬ ರಾಜ್ಯದ ಕಾನೂನನ್ನು ಉದ್ಯೋಗದಾತರಿಗೆ ಅದು ನೆನಪಿಸುತ್ತದೆ. ಒಳ್ಳೆಯದೇ. ಆದರೆ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ ಕಟ್ಟಿಹಾಕುವುದು ವರದಿ ಮಾರುವ ಕಂಪನಿಗಳನ್ನು. ಶಿಕ್ಷೆಯಾಗದ, ಏಳು ವರ್ಷ ಹಳೆಯ ಬಂಧನವನ್ನು ಸಾಮಾನ್ಯವಾಗಿ ಅವು ವರದಿಯಲ್ಲಿ ಸೇರಿಸುವಂತಿಲ್ಲ. ಮಾಲೀಕ ತಾನೇ ಕೂತು ಹುಡುಕಿದರೆ ಆ ಕಾಯ್ದೆ ಅವನನ್ನು ಮುಟ್ಟುವುದಿಲ್ಲ. ಏನು ನೋಡಿ ಅರ್ಜಿ ತಿರಸ್ಕರಿಸಿದ ಎಂದು ಅವನು ಹೇಳಬೇಕಾಗಿಲ್ಲ, ಅರ್ಜಿದಾರನಿಗೆ ತಿದ್ದುವ ಅವಕಾಶವೂ ಇಲ್ಲ.

ಹಾಗಾದರೆ ಒಬ್ಬರ ಬಗ್ಗೆ ನಿಜವಾಗಿ ತಿಳಿಯಬೇಕಾದವರು ಎಲ್ಲಿ ಹೋಗಬೇಕು? ಆಯಾ ಕೌಂಟಿಯ ಕೋರ್ಟ್ ಕ್ಲರ್ಕ್ ಕಚೇರಿಗೆ. ಈ ಕೌಂಟರಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಸಿಕ್ಯಾಪ್‌ನಲ್ಲಿ ಕ್ರಿಮಿನಲ್ ಕೇಸಿನ ಮೂಲ ಕಾಗದಗಳು ಇಲ್ಲ, ಇರುವುದು ನಮೂದುಗಳು ಮಾತ್ರ. ಕಾಗದಗಳು ಇರುವುದು ಕ್ಲರ್ಕ್ ಹತ್ತಿರ, ಪುಟಕ್ಕೆ 1.25 ಡಾಲರ್, ದೃಢೀಕರಿಸಿದ ಪ್ರತಿ ಬೇಕೆಂದರೆ ಮೇಲೆ 5 ಡಾಲರ್. ಫೈಲು ತೆಗೆಸಿದರೆ ಮೊದಲು ಸಿಗುವುದು ಕಂಪ್ಲೇಂಟ್. ಪೊಲೀಸರು ಏನು ನಡೆಯಿತು ಎನ್ನುತ್ತಾರೆ ಎಂಬುದು ಅದರಲ್ಲಿ ವಾಕ್ಯಗಳಲ್ಲಿ ಇರುತ್ತದೆ. ಸೆಕ್ಷನ್ 943.10, ಎಫ್ ದರ್ಜೆಯ ಬರ್ಗ್ಲರಿ, ಪಕ್ಕದ ಮನೆಯ ಗ್ಯಾರೇಜಿನಿಂದ ಉಪಕರಣ ಕದ್ದದ್ದೋ, ರಾತ್ರಿ ಯಾರೂ ಇಲ್ಲದ ಮನೆಗೆ ನುಗ್ಗಿದ್ದೋ ಅಲ್ಲಿ ಗೊತ್ತಾಗುತ್ತದೆ. ತಪ್ಪೊಪ್ಪಿಕೊಂಡ ಕೇಸಾದರೆ ಪ್ಲೀ ಪ್ರಶ್ನಾವಳಿ ಇರುತ್ತದೆ. ವಯಸ್ಸೆಷ್ಟು, ಎಷ್ಟನೇ ತರಗತಿವರೆಗೆ ಓದಿದ್ದೀರಿ, ಇಂಗ್ಲಿಷ್ ಅರ್ಥವಾಗುತ್ತದೆಯೇ, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದೀರಾ, ಕಳೆದ 24 ಗಂಟೆಯಲ್ಲಿ ಮದ್ಯವನ್ನೋ ಔಷಧಿಯನ್ನೋ ತೆಗೆದುಕೊಂಡಿದ್ದೀರಾ ಎಂದೆಲ್ಲ ಕೇಳಿ ಕೆಳಗೆ ಸಹಿ ಹಾಕಿಸಿಕೊಂಡಿರುತ್ತಾರೆ. ಒಬ್ಬ ವ್ಯಕ್ತಿ ಯಾವ ಸ್ಥಿತಿಯಲ್ಲಿ ‘ಗಿಲ್ಟಿ’ ಎಂದ ಎಂಬುದು ಆ ಪುಟದಲ್ಲಿದೆ. ಕೊನೆಗೆ ಶಿಕ್ಷೆಯ ಆದೇಶ. ಇಷ್ಟು ಓದಿದವರು ಮನೆ ಕೊಡುವುದಿಲ್ಲ ಎಂದರೆ, ಅವರ ನಿರ್ಧಾರ ನನಗೆ ಒಪ್ಪಿಗೆಯಾಗದಿದ್ದರೂ ಅವರು ಕೇಸನ್ನು ಓದಿದ್ದಾರೆ ಎಂದು ಒಪ್ಪುತ್ತೇನೆ.

ಸಿಕ್ಯಾಪ್ ನೋಡಿ ‘ಏನೂ ಇಲ್ಲ’ ಎಂದು ನೆಮ್ಮದಿಯಾಗುವವರಿಗೂ ಅದು ಅರ್ಧ ಉತ್ತರವೇ. ಫೆಡರಲ್ ಕೇಸುಗಳು ಅಲ್ಲಿಲ್ಲ, ಪಕ್ಕದ ಇಲಿನಾಯ್, ಮಿನೆಸೋಟಾ ಕೇಸುಗಳಿಲ್ಲ, ಬಾಲಾಪರಾಧದ ದಾಖಲೆ ಇಲ್ಲ. ರಾಜ್ಯದ ನ್ಯಾಯ ಇಲಾಖೆ 7 ಡಾಲರ್ ಪಡೆದು ಕೊಡುವ ವರದಿಯೇ ಬೇರೆ. ಬೆರಳಚ್ಚು ತೆಗೆದ ಬಂಧನಗಳಿಂದ ಕಟ್ಟಿದ್ದು ಅದು.

ಇಲ್ಲಿ ಜೇಮ್ಸ್ ಜೇಕಬ್ಸ್ ಅವರ ಜೊತೆ ಜಗಳ ಮಾಡಲೇಬೇಕು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪ್ರಾಧ್ಯಾಪಕರಾಗಿದ್ದ ಅವರ ‘ದಿ ಎಟರ್ನಲ್ ಕ್ರಿಮಿನಲ್ ರೆಕಾರ್ಡ್’ (2015) ಈ ವಿಷಯದಲ್ಲಿ ಎಲ್ಲರೂ ಮೊದಲು ಹಿಡಿಯುವ ಪುಸ್ತಕ. ಶಿಕ್ಷೆ ಮುಗಿದವರ ಕಷ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸ್ಪೇನ್ ದೇಶದಲ್ಲಿ ಶಿಕ್ಷೆಯ ದಾಖಲೆಯನ್ನು ಖಾಸಗಿ ಮಾಹಿತಿಯಂತೆ ಕಾಪಾಡುತ್ತಾರೆ ಎಂಬುದನ್ನು ಅಮೆರಿಕದ ಓದುಗರಿಗೆ ವಿವರವಾಗಿ ತಿಳಿಸಿದವರಲ್ಲಿ ಅವರೂ ಒಬ್ಬರು. ಇಷ್ಟಾದ ಮೇಲೂ, ತೆರೆದ ಕೋರ್ಟು ಬೇಕಾದರೆ ತೆರೆದ ದಾಖಲೆಯೂ ಬೇಕು, ನಡೆದ ಶಿಕ್ಷೆಯನ್ನು ಅಳಿಸುವುದು ಚರಿತ್ರೆಯನ್ನು ತಿದ್ದಿದಂತೆ ಎಂಬ ಕಡೆಗೇ ಅವರ ವಾದ ವಾಲುತ್ತದೆ. ನನ್ನ ಆಕ್ಷೇಪ ಇಷ್ಟೆ: ತೆರೆದದ್ದು, ಮುಚ್ಚಿದ್ದು ಎಂಬ ಎರಡೇ ತುದಿಗಳ ನಡುವೆ ವಾದ ನಡೆಸಿದರೆ, ಚರಿತ್ರೆ ಎಂದು ನಾವು ಕರೆಯುತ್ತಿರುವುದು ಚರಿತ್ರೆಯ ಸೂಚಿಪುಟವನ್ನು ಎಂಬುದು ಮರೆತುಹೋಗುತ್ತದೆ. ಸಿಎಫ್ ಎಂಬ ಅಕ್ಷರವನ್ನು ತೆಗೆದರೆ ಯಾವ ಚರಿತ್ರೆಯೂ ತಿದ್ದಿಹೋಗುವುದಿಲ್ಲ. ಅದನ್ನು ಹಾಗೇ ಬಿಟ್ಟದ್ದರಿಂದಲೇ ಚರಿತ್ರೆ ತಪ್ಪಾಗಿ ಓದಿಸಿಕೊಳ್ಳುತ್ತಿದೆ. ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲೇ, ರಿಪೋರ್ಟರ್ಸ್ ಕಮಿಟಿ ಪ್ರಕರಣದಲ್ಲಿ, ಊರೂರಿನ ಕೋರ್ಟು ಕಪಾಟುಗಳಲ್ಲಿ ಚದುರಿಹೋದ ಕಾಗದಕ್ಕೂ ಒಂದೇ ಕಡೆ ಗುಡ್ಡೆಹಾಕಿದ ಕಂಪ್ಯೂಟರ್ ಸಾರಾಂಶಕ್ಕೂ ಬಹಳ ವ್ಯತ್ಯಾಸವಿದೆ ಎಂದಿತ್ತು. ಜೇಕಬ್ಸ್ ಆ ಎಳೆಯನ್ನು ಇನ್ನೂ ದೂರ ಎಳೆಯಬಹುದಿತ್ತು. ಸಾರಾ ಲೇಗೆಸನ್ ಅವರ ‘ಡಿಜಿಟಲ್ ಪನಿಶ್‌ಮೆಂಟ್’ (2020) ನನಗೆ ಹೆಚ್ಚು ಹತ್ತಿರ. ದಾಖಲೆಯನ್ನು ಸರಕು ಮಾಡಿಕೊಂಡವರ ಮೇಲೆ ಅವರ ಸಿಟ್ಟು ನ್ಯಾಯವಾದದ್ದು. ಆದರೂ ಆ ಸಿಟ್ಟಿನ ಮೊದಲ ಪಾಲು ಕೋರ್ಟಿನ ಪಟ್ಟಿಗೇ ಸಲ್ಲಬೇಕು ಎನ್ನುತ್ತೇನೆ. ಸರಕು ಹೊರಟದ್ದೇ ಅಲ್ಲಿಂದ.

ಈ ಜಗಳ ಪುಸ್ತಕದ ಜಗಳವಾಗಿ ಉಳಿಯಬಾರದು. ಅದೇ ವಿಸ್ಕಾನ್ಸಿನ್‌ನ ಮಿಲ್ವಾಕೀ ನಗರದಲ್ಲಿ, ಸಿಕ್ಯಾಪ್‌ಗೆ ಎರಡು ವರ್ಷ ತುಂಬಿದ್ದ 2001ರಲ್ಲಿ, ಸಮಾಜವಿಜ್ಞಾನಿ ಡೆವಾ ಪೇಜರ್ ಸಮಾನ ಅರ್ಹತೆಯ ಯುವಕರನ್ನು ಕೆಲಸ ಕೇಳಲು ಕಳಿಸಿ ನೋಡಿದರು. ದಾಖಲೆಯಿಲ್ಲದ ಬಿಳಿಯರಲ್ಲಿ ಶೇ 34 ಮಂದಿಗೆ ಮರುಕರೆ ಬಂತು; ಮಾದಕವಸ್ತು ಫೆಲನಿ ಶಿಕ್ಷೆಯಾಗಿದೆ ಎಂದು ಹೇಳಿದ ಬಿಳಿಯರಲ್ಲಿ ಶೇ 17. ಕಪ್ಪು ಯುವಕರಲ್ಲಿ ದಾಖಲೆಯಿಲ್ಲದವರಿಗೇ ಶೇ 14, ಇದ್ದವರಿಗೆ ಶೇ 5. ಆರೋಪದ ಗುರುತೊಂದನ್ನು ಹೆಸರಿಗೆ ಅಂಟಿಸುವ ಮೊದಲು ಈ ನಾಲ್ಕು ಅಂಕಿಗಳನ್ನು ಆ ರಾಜ್ಯದ ಕೋರ್ಟು ಗೋಡೆಗೆ ಬರೆದಿಟ್ಟುಕೊಳ್ಳಬೇಕಿತ್ತು.

2018ರಲ್ಲಿ ಒಂದು ಸುಧಾರಣೆ ಬಂತು. ವಜಾ ಆದ, ಖುಲಾಸೆಯಾದ ಕ್ರಿಮಿನಲ್ ಕೇಸುಗಳು ಎರಡು ವರ್ಷದ ನಂತರ ತಾಣದಿಂದ ಮರೆಯಾಗುತ್ತವೆ. ಸಾಲದು. ಎರಡು ವರ್ಷವಾದರೂ ಯಾಕೆ? ಸಿಎಫ್ ಆಗಿ ಶುರುವಾಗಿ ಮಿಸ್‌ಡಿಮೀನರ್ ಆಗಿ ಮುಗಿದವರಿಗೆ ಇದರಿಂದ ಏನೂ ಸಿಗಲಿಲ್ಲ. ದಾಖಲೆ ಅಳಿಸುವ ಕಾನೂನು ಇನ್ನೂ ಕಠಿಣ. ಅಪರಾಧ ನಡೆದಾಗ 25 ತುಂಬಿರಬಾರದು, ಗರಿಷ್ಠ ಶಿಕ್ಷೆ ಆರು ವರ್ಷ ದಾಟಿರಬಾರದು, ಅಳಿಸುವ ನಿರ್ಧಾರ ಶಿಕ್ಷೆ ಹೇಳುವ ದಿನವೇ ಆಗಬೇಕು. ಮುಂದೆ ಹೇಗೆ ನಡೆದುಕೊಳ್ಳುತ್ತಾರೋ ನೋಡಿ ತೀರ್ಮಾನಿಸುತ್ತೇನೆ ಎನ್ನುವ ಅವಕಾಶ ನ್ಯಾಯಾಧೀಶರಿಗೆ ಇಲ್ಲ ಎಂದು 2014ರ ಮಟಾಸೆಕ್ ಪ್ರಕರಣ ಹೇಳಿತು. ಕೋರ್ಟು ಅಳಿಸಿದರೂ ನ್ಯಾಯ ಇಲಾಖೆಯ 7 ಡಾಲರ್ ವರದಿಯಲ್ಲಿ ಅದು ಉಳಿದಿರುತ್ತದೆ.

ಅಲ್ಲಿರುವ ನಮ್ಮವರಿಗೂ ಹೆಸರಿನ ಹುಡುಕಾಟ ಒಂದು ತೊಡಕೇ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್ಎನ್‌ಯು’ ಎಂದು ಬೀಳುತ್ತದೆ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿರುವ ಕನ್ನಡಿಗರದ್ದು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಇಂಥ ಹೆಸರು ಹಾಕಿದರೆ ಇರುವ ಕೇಸು ಸಿಗದೆಯೂ ಹೋಗಬಹುದು, ಯಾರದೋ ಕೇಸು ಇವರ ತಲೆಗೆ ಬರಲೂಬಹುದು. ಹುಟ್ಟಿದ ದಿನಾಂಕ ಹಾಕಿ ತಾಳೆ ನೋಡುವುದೇ ಇದಕ್ಕೆ ಉಪಾಯ. ಆದರೆ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು 2021ರಲ್ಲಿ, ರಿವರ್‌ಸೈಡ್ ಕೌಂಟಿಯ ತಾಣದ ವಿಷಯದಲ್ಲಿ, ಜನ್ಮದಿನಾಂಕದ ಮೂಲಕ ಹುಡುಕಲು ಬಿಡಬಾರದು ಎಂದಿತು. ಖಾಸಗಿತನದ ದೃಷ್ಟಿಯಿಂದ ಅದು ಸರಿ. ಹೆಸರು ಹೋಲುವವರ ಪಾಡು ಮಾತ್ರ ಹಾಗೇ ಉಳಿಯಿತು.

ಕರ್ನಾಟಕ ಹೈಕೋರ್ಟು 2017ರಲ್ಲಿ ಒಬ್ಬ ತಂದೆಯ ಅರ್ಜಿಯ ಮೇಲೆ ಕೊಟ್ಟ ಆದೇಶವನ್ನು ‘ಮರೆಯಲ್ಪಡುವ ಹಕ್ಕು’ ಎಂಬ ತಲೆಬರಹದ ಕೆಳಗೆ ಎಲ್ಲರೂ ಚರ್ಚಿಸಿದರು. ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು ಮಗಳ ಹೆಸರು ಇಂಟರ್‌ನೆಟ್ ಹುಡುಕಾಟದಲ್ಲಿ ಬಾರದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಹೇಳಿದರು. ಆದರೆ ದೃಢೀಕೃತ ಪ್ರತಿ ಕೇಳಿದವರಿಗೆ ಹೆಸರು ಇದ್ದಂತೆಯೇ ಸಿಗುತ್ತದೆ ಎಂದರು. ಕೌಂಟರ್ ಬೇರೆ, ಹುಡುಕಾಟದ ಪೆಟ್ಟಿಗೆ ಬೇರೆ ಎಂಬ ಈ ಎರಡನೆಯ ಭಾಗವೇ ನನಗೆ ಮುಖ್ಯ, ಅದರ ಚರ್ಚೆಯೇ ಕಡಿಮೆ. ನಮ್ಮ ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಹುಡುಕುವಾಗಲೂ ಆಯ್ಕೆಗಳು ‘ಪೆಂಡಿಂಗ್’, ‘ಡಿಸ್ಪೋಸ್ಡ್’. ಖುಲಾಸೆಯೋ ಶಿಕ್ಷೆಯೋ ಮೊದಲ ಪಟ್ಟಿಯಲ್ಲಿ ಕಾಣುವುದಿಲ್ಲ. ಸದ್ಯ ಒಂದೊಂದೇ ಕೋರ್ಟು ಸಂಕೀರ್ಣ ಆರಿಸಿ ಹುಡುಕಬೇಕು. ಇಡೀ ದೇಶದ ಕೇಸುಗಳನ್ನು ಒಂದೇ ಹೆಸರಿನಲ್ಲಿ ಹುಡುಕುವಂತಾಗಲಿ, ವಿಸ್ಕಾನ್ಸಿನ್ ಥರ ಆಗಲಿ ಎನ್ನುವವರು ಅದನ್ನು ಕೇಳುವ ಮೊದಲು ಆ ಪಟ್ಟಿಯಲ್ಲಿ ತೀರ್ಪಿನ ಕಾಲಮ್ ಒಂದನ್ನು ಕೇಳಲಿ.