ಹೆತ್ತವರ ದನಿ ಮತ್ತು ಹಕ್ಕಿನ ಭಾಷೆ

ಸಲಿಂಗ ಸಂಬಂಧಗಳ ಕಾನೂನುಬದ್ಧ ಸಮಾನತೆಯನ್ನು ಕುರಿತು ಭಾರತದಲ್ಲಿ ನಡೆದಿರುವ ವಾಗ್ವಾದವನ್ನು ಸಾಮಾನ್ಯವಾಗಿ ತೀರ್ಪುಗಳ ಚರಿತ್ರೆಯಾಗಿ ಓದಲಾಗುತ್ತದೆ. 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಖಾಸಗಿ ಸಂಬಂಧವನ್ನು ದಂಡಸಂಹಿತೆಯ 377ನೆಯ ಕಲಮಿನಿಂದ ಹೊರಗಿರಿಸಿತು. 2013ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. 2018ರ ಸೆಪ್ಟೆಂಬರಿನಲ್ಲಿ ಅದರ ಸಂವಿಧಾನ ಪೀಠವೇ 2013ರ ನಿಲುವನ್ನು ತಳ್ಳಿಹಾಕಿತು. ಈ ಚರಿತ್ರೆಯ ಅಂಚಿನಲ್ಲಿ ಸಲಿಂಗಿ ಮಕ್ಕಳ ತಂದೆತಾಯಿಯರ ಬರವಣಿಗೆಯೊಂದು ಬೆಳೆದುಬಂದಿದೆ. ಹೆತ್ತವರು ಕೇಳಿದಾಗ ಹಕ್ಕು ಮಕ್ಕಳದಾಗಿಯೇ ಉಳಿಯುತ್ತದೆಯೆ ಅಥವಾ ಮನೆತನದ ಔದಾರ್ಯವಾಗಿ ಮಾರ್ಪಡುತ್ತದೆಯೆ ಎಂಬ ಪ್ರಶ್ನೆಯನ್ನು ಆ ಬರವಣಿಗೆಯ ಮುಂದಿಡುವುದು ಇಲ್ಲಿ ನಮ್ಮ ಉದ್ದೇಶ.

ಸರ್ವೋಚ್ಚ ನ್ಯಾಯಾಲಯದಲ್ಲಿ 2012ರಲ್ಲಿ ನಡೆದ ವಿಚಾರಣೆಯಲ್ಲಿ 19 ಮಂದಿ ತಂದೆತಾಯಿಯರು ಮಧ್ಯಪ್ರವೇಶಿಸಿದರು. ಹಿರಿಯ ನ್ಯಾಯವಾದಿ ಫಾಲಿ ನಾರಿಮನ್ ಅವರ ಪರ ವಾದಿಸಿದರು. ಇಲ್ಲಿ ಗಮನಾರ್ಹವಾದುದು ವಾದದ ನೆಲೆ. ಇವರು ಮಕ್ಕಳ ಪರವಾಗಿ ದಯೆಯನ್ನು ಯಾಚಿಸಲಿಲ್ಲ. ಈ ಕಾನೂನು ತಮ್ಮ ಕುಟುಂಬದ ಖಾಸಗಿ ಬದುಕನ್ನೂ ಘನತೆಯನ್ನೂ ಘಾಸಿಗೊಳಿಸುತ್ತದೆ ಎಂದರು. ಸಲಿಂಗ ಸಂಬಂಧವು ಕುಟುಂಬಕ್ಕೆ ಹೊರಗಿನಿಂದ ಬಂದ ಅಪಾಯ ಎಂಬ ರೂಢಿಯ ಮಾತನ್ನು ಇದು ತಿರುವುಮುರುವು ಮಾಡಿತು. ಅಪಾಯವು ಕಾನೂನಿನಿಂದ ಬಂದಿದೆ. ಕುಟುಂಬವು ತನ್ನನ್ನು ಕಾಪಾಡಿಕೊಳ್ಳಬೇಕಾಗಿರುವುದು ಕಾನೂನಿನಿಂದ. ನ್ಯಾಯಾಲಯವು ಅಂದು ಈ ವಾದವನ್ನು ಪುರಸ್ಕರಿಸಲಿಲ್ಲ.

ಆ ತೀರ್ಪಿನ ಮರುತಿಂಗಳು, 2014ರ ಜನವರಿಯಲ್ಲಿ, ಲೀಲಾ ಸೇಠ್ ಅವರು ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ಪರಂಪರೆಯ ಮುಖ್ಯ ಪಠ್ಯವೆಂದು ನಾವು ಭಾವಿಸುತ್ತೇವೆ. ಅವರು ದೆಹಲಿ ಉಚ್ಚ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಾಧೀಶೆ. 1991ರಲ್ಲಿ ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿ ಆ ಪದವಿಗೇರಿದ ದೇಶದ ಮೊದಲ ಮಹಿಳೆ. ಕಾದಂಬರಿಕಾರ ವಿಕ್ರಮ್ ಸೇಠ್ ಅವರ ತಾಯಿ. ಲೇಖನದ ಆರಂಭವು ನ್ಯಾಯಾಲಯದ ಸಾಕ್ಷಿಯ ಹೇಳಿಕೆಯಂತಿದೆ: ತಮ್ಮ ಹೆಸರು, 83ರ ವಯಸ್ಸು, ಅರುವತ್ತು ವರುಷ ಮೀರಿದ ದಾಂಪತ್ಯ, ಮೂವರು ಮಕ್ಕಳು. ಈ ನೆಮ್ಮದಿಯ ವಿವರಗಳ ಬೆನ್ನಿಗೇ, ಹಿರಿಯ ಮಗನು ಈಗ ಕಾನೂನಿನ ಕಣ್ಣಿನಲ್ಲಿ ಅಪರಾಧಿ ಎಂಬ ಮಾತು ಬರುತ್ತದೆ. ಆವೇಶವಿಲ್ಲದ ಈ ಕ್ರಮವೇ ಅದರ ತೀಕ್ಷ್ಣತೆ. ಮುಂದೆ ದನಿ ಬದಲಾಗುತ್ತದೆ. ಸಂಖ್ಯೆಯಲ್ಲಿ ಅತ್ಯಲ್ಪರಾದವರಿಗಾಗಿ ಕಾನೂನನ್ನು ಅಸಿಂಧುಗೊಳಿಸಬೇಕಿಲ್ಲ ಎಂಬ ಧಾಟಿಯ ತೀರ್ಪಿನ ತರ್ಕವನ್ನು ಅವರು ನ್ಯಾಯಮೂರ್ತಿಯಾಗಿ ಖಂಡಿಸುತ್ತಾರೆ. ತಾಯಿಯ ನೋವು ಓದುಗರನ್ನು ಒಳಗೆ ಕರೆಯುತ್ತದೆ. ಆದರೆ ಹಕ್ಕು ಆ ನೋವನ್ನು ಆಧರಿಸಿ ನಿಲ್ಲುವುದಿಲ್ಲ, ಸಂವಿಧಾನವನ್ನು ಆಧರಿಸಿ ನಿಲ್ಲುತ್ತದೆ. ಈ ಎರಡು ದನಿಗಳನ್ನು ಬೆರೆಸದೆ ಜೊತೆಗಿಟ್ಟಿರುವುದೇ ಲೇಖನದ ಸಾಧನೆ. 2017ರಲ್ಲಿ ತೀರಿಕೊಂಡ ಅವರು ಮರುವರ್ಷದ ತೀರ್ಪನ್ನು ಕಾಣಲಿಲ್ಲ.

2018ರ ತೀರ್ಪಿನ ನಂತರ ಬೇಡಿಕೆಯು ವಿವಾಹದ ಕಡೆಗೆ ಹೊರಳಿತು. ಮಂಡ್ಯದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಶ್ರೀಧರ್ ರಂಗಾಯನ್ ಅವರ ಹಿಂದಿ ಚಲನಚಿತ್ರ ‘ಈವ್ನಿಂಗ್ ಶ್ಯಾಡೋಸ್’ (2018) ದಕ್ಷಿಣದ ಸಣ್ಣ ಊರಿನ ಗೃಹಿಣಿಯೊಬ್ಬಳನ್ನು ಕೇಂದ್ರದಲ್ಲಿಟ್ಟಿತ್ತು. ಮಗನ ಮಾತನ್ನು ಅರಗಿಸಿಕೊಳ್ಳುವ ಹಾದಿಯಲ್ಲಿ ಅವಳು ಗಂಡನ ಯಜಮಾನಿಕೆಯನ್ನೂ ಎದುರಿಸಬೇಕಾಗುತ್ತದೆ. ‘ಸ್ವೀಕಾರ್’ ಎಂಬ ತಂದೆತಾಯಿಯರ ಬಳಗವು 2023ರ ಏಪ್ರಿಲಿನಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರದಲ್ಲಿಯೂ ಇದೇ ಹಾದಿಯನ್ನು ಕಾಣುತ್ತೇವೆ. ನಾನೂರಕ್ಕೂ ಹೆಚ್ಚು ಹೆತ್ತವರ ಪರವಾದ ಆ ಪತ್ರವು ವಿರೋಧಿಗಳನ್ನು ಹಳಿಯುವುದಿಲ್ಲ. ತಮ್ಮಲ್ಲಿ ಕೆಲವರು ಒಮ್ಮೆ ಅಲ್ಲಿಯೇ ನಿಂತಿದ್ದರೆಂದು ಒಪ್ಪುತ್ತದೆ. ತಮಗೆ ವಯಸ್ಸಾಗುತ್ತಿದೆ, ಬದುಕಿರುವಾಗಲೇ ಮಕ್ಕಳ ವಿವಾಹಕ್ಕೆ ಕಾನೂನಿನ ಮುದ್ರೆ ಬೀಳಲಿ ಎಂಬುದು ಅದರ ಕೋರಿಕೆ. ಕನ್ನಡದಲ್ಲಿ ರೂಢಿಯಾಗಿರುವ ‘ಸಲಿಂಗಕಾಮ’ ಎಂಬ ಪದವು ಇಡೀ ವಿಷಯವನ್ನು ಕಾಮಕ್ಕೆ ಕುಗ್ಗಿಸುತ್ತದೆ. ಹೆತ್ತವರ ಮಾತಿನಲ್ಲಿ ಅದರ ಜಾಗಕ್ಕೆ ಮಗ, ಮಗಳು, ಸಂಗಾತಿ, ಮುಪ್ಪು ಎಂಬ ಮನೆಯ ಪದಗಳು ಬಂದಿವೆ. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಮನೆಯ ಭಾಷೆಗೆ ಮನೆಯ ಮಿತಿಯೂ ಇದೆ. 2023ರ ಅಕ್ಟೋಬರ್ 17ರಂದು ಸಂವಿಧಾನ ಪೀಠವು ವಿವಾಹವು ಮೂಲಭೂತ ಹಕ್ಕಲ್ಲವೆಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿಗಳಲ್ಲೊಂದು ಹುಟ್ಟಿದ ಮನೆಯ ಹಿಂಸೆಯನ್ನೇ ಮುಂದಿಟ್ಟು, ತಾವೇ ಆಯ್ದುಕೊಂಡ ಕುಟುಂಬಕ್ಕೆ ಮನ್ನಣೆ ಕೇಳಿತ್ತು. 2025ರ ಮೇ ತಿಂಗಳಿನಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಬಂದ ಯುವತಿಯ ಪ್ರಕರಣ ಇದನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ಅವಳನ್ನು ಸಂಗಾತಿಯಿಂದ ಬೇರ್ಪಡಿಸಿ ಹಿಡಿದಿಟ್ಟವರು ಮನೆಯವರೇ. ನ್ಯಾಯಾಲಯವು ಅವಳನ್ನು ಬಿಡುಗಡೆ ಮಾಡಿ, ಆಯ್ದುಕೊಂಡ ಕುಟುಂಬದ ಕಲ್ಪನೆಯನ್ನು ಎತ್ತಿಹಿಡಿಯಿತು. ಈ ತಾಯಿ ಲೀಲಾ ಸೇಠ್ ಅಲ್ಲ ಎಂದೂ ಹೇಳಿತು.

ಈ ಮಾತು ಸಹಾನುಭೂತಿಯದೇ ಹೌದು. ಆದರೂ ಇದರಲ್ಲಿ ಲೇಖನವೊಂದರ ವಾದವು ಮರೆಯಾಗಿ, ಅದನ್ನು ಬರೆದಾಕೆ ಆದರ್ಶ ತಾಯಿಯ ಅಳತೆಗೋಲಾಗುತ್ತಾಳೆ. ಸೇಠ್ ಅವರು ಬರೆದುದು ತಾವು ಒಳ್ಳೆಯ ತಾಯಿಯೆಂದು ತೋರಿಸಲಿಕ್ಕಲ್ಲ; ತಾಯಿ ಹೇಗಿದ್ದರೂ ಮಗನು ಅಪರಾಧಿಯಾಗಬಾರದೆಂದು ವಾದಿಸಲಿಕ್ಕೆ. ಹೆತ್ತವರ ಪಠ್ಯಗಳನ್ನು ಅಳೆಯುವಾಗ, ಅಂಥ ಹೆತ್ತವರಿಲ್ಲದ ಮಗುವಿಗೂ ಅದೇ ಹಕ್ಕನ್ನು ಅವು ಕೇಳುತ್ತವೆಯೆ ಎಂಬುದೇ ನಮ್ಮ ಮಾನದಂಡವಾಗಬೇಕು. ಈ ದೃಷ್ಟಿಯಿಂದ 2014ರ ಲೇಖನ 2023ರ ಪತ್ರಕ್ಕಿಂತ ಮುಂದಿದೆ ಎಂಬುದು ನಮ್ಮ ತೀರ್ಮಾನ.

ಹೊರನಾಡಿನ ಕನ್ನಡ ಸಂಶೋಧಕರಿಗೆ ಇಲ್ಲಿ ಕೆಲಸವಿದೆ. ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ಮಕ್ಕಳು ಒಂದು ಭಾಷೆಯಲ್ಲಿ ತಮ್ಮನ್ನು ಹೇಳಿಕೊಂಡು, ಹೆತ್ತವರು ಇನ್ನೊಂದರಲ್ಲಿ ಕೇಳಿಸಿಕೊಳ್ಳುವ ಮನೆಗಳಿವೆ. ಆ ಎರಡರ ನಡುವೆ ಕನ್ನಡದ ಯಾವ ಪದಗಳು ಸೋಲುತ್ತವೆ, ಯಾವುವು ಹೊಸದಾಗಿ ಹುಟ್ಟುತ್ತವೆ ಎಂಬುದನ್ನು, ಹೆಸರುಗಳನ್ನು ಗೋಪ್ಯವಾಗಿರಿಸಿ, ಸಂಗ್ರಹಿಸಬೇಕಾಗಿದೆ. ಅಂತಹ ಸಂಗ್ರಹದಲ್ಲಿ ಒಪ್ಪಿಕೊಂಡ ತಾಯಿಯ ಮಾತಿನಷ್ಟೇ, ಮನೆ ಬಿಟ್ಟುಹೋದ ಮಗಳ ಮಾತಿಗೂ ಎಡೆಯಿರಬೇಕು.